ಹದಿನೇಳು ಒಂದುಗಳು

ಡೊಂಬಿವಲಿ ಪೂರ್ವ
೨೧ ನವೆಂಬರ್ ೨೦೧೨

ನನ್ನ ಸುಮೇಧಾ,

ನೀನು ಫೋನ್ ಎತ್ತುತ್ತಿಲ್ಲ. ಪಕ್ಕದ ಮನೆಯ ಮೋಹನದಾಸರು ಕೆಲಸಕ್ಕೆಂದು ದಿನಾ ನಿನ್ನ ನೆರೂಳಿಗೇ ಬರುವವರಲ್ಲವೇ, ನಾಳೆ ಬೆಳಿಗ್ಗೆ ಅವರ ಕೈಯಲ್ಲೇ ಈ ಕಾಗದ ಕಳುಹಿಸುತ್ತೇನೆ. ಸಿಟ್ಟು ಇದ್ದರೆ ಇರಲಿ, ಪೂರ್ತಿ ಓದು ಮಗಾ.

ನಿನ್ನ ಪಪ್ಪನ ಬಲಗಣ್ಣಿನ ಒಳಪರದೆ ಕಳಚಿದೆ. ಎಡಗಣ್ಣು ಮೊದಲೇ ಮಂಜು. ನಾಡಿದ್ದಿನೊಳಗೆ ಆಪರೇಷನ್ ಆಗದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು ಠಾಣೆ ಊರಿನ ಕಣ್ಣಾಸ್ಪತ್ರೆಯ ಡಾಕ್ಟರು. ಆಮೇಲೆ ಕೆಲವು ವಾರ ಕವುಚಿ ಮಲಗಬೇಕಂತೆ, ಓದು ಬರಹ ಕೂಡದಂತೆ. ಅಷ್ಟು ಕೇಳಿದ್ದೇ ಇವರು ಕುರ್ಚಿಯಿಂದ ಎದ್ದರು. "ಲೆಕ್ಕ ಮುಗೀಲಿ, ಆಮೇಲೆ ಬರ್ತೇನೆ."

ಅದೇ ಲೆಕ್ಕ. ಸಾಲಾಗಿ ಹದಿನೇಳು ಒಂದುಗಳನ್ನು ಬರೆದರೆ ಆಗುವ ಆ ಸಂಖ್ಯೆ. ಐದು ಒಂದುಗಳನ್ನು ಬರೆದರೆ ನಲವತ್ತೊಂದು ಭಾಗಿಸುತ್ತದೆ, ಏಳು ಬರೆದರೆ ಇನ್ನೂರ ಮೂವತ್ತೊಂಬತ್ತು, ಹದಿಮೂರು ಬರೆದರೆ ಐವತ್ತಮೂರು. ಹದಿನೇಳರದ್ದು ಮಾತ್ರ ಯಾವುದಕ್ಕೂ ಒಡೆಯದ ಅವಿಭಾಜ್ಯ ಎಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗಲೇ ಅವರ ನಂಬಿಕೆ. ಒಡೆಯುವ ಸಂಖ್ಯೆ ಇದ್ದರೆ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಬೇಕಂತೆ. ನಿವೃತ್ತಿಯಾದ ಮೇಲೆ ಅಂಥವನ್ನೇ ಹೆಕ್ಕಿ ಹೆಕ್ಕಿ ಅವುಗಳಿಂದ ಭಾಗಿಸುತ್ತಾ ಎಂಟು ಲಕ್ಷ ದಾಟಿದ್ದಾರೆ. ಈಗ ಕಣ್ಣು ಕಾಣದು. ಅವರು ಹೇಳಬೇಕು, ನಾನು ಬರೆಯಬೇಕು. ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿನಿಂದ.

ಚೌತಿಗೆ ಬಂದಾಗ ನೀನು, "ಪಪ್ಪಾ, ಕಂಪ್ಯೂಟರಲ್ಲಿ ಹಾಕಿ ನೋಡಿದೆ. ಅದು ಒಡೀತದೆ, ಎರಡು ನಂಬರ್ ಸಿಕ್ಕಿದೆ" ಅಂದೆ. ಅವರು ಕಿವಿ ಮುಚ್ಚಿಕೊಂಡರು. "ಹೇಳುವುದಾದ್ರೆ ಈ ಮನೆಗೆ ಬರ್ಬೇಡ!" ಚಪ್ಪಲಿ ಮೆಟ್ಟಿ ಹೊರಟವಳು ನೀನು ಮತ್ತೆ ಬರಲಿಲ್ಲ.

ಈಗ ಬಾ ಸುಮೇಧಾ. ಬಂದು ಗಟ್ಟಿಯಾಗಿ ಹೇಳು, ಅವರ ಎರಡೂ ಕೈಗಳನ್ನು ನಾನು ಹಿಡಿದುಕೊಳ್ಳುತ್ತೇನೆ. ನಂಬಿಕೆ ಮುರಿದರೆ ಮುರಿಯಲಿ, ಕಣ್ಣು ಉಳಿಯಲಿ. ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತವರು, "ಲೈಟ್ ಯಾಕೆ ಹಾಕ್ಲಿಲ್ಲ?" ಎಂದು ಕೇಳಿದರು. ತಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಕರೆಂಟ್ ಹೋಗಿದೆ ಅಂದೆ. ಬೇರೇನು ಹೇಳಲಿ? ನಾನು ಇನ್ನು ಯಾರ ಕಾಲು ಹಿಡಿಯಬೇಕೋ ತಿಳಿಯದು.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಸುಗುಣಾ

ವಿ.ಸೂ.: ಲಕೋಟೆಯ ಸದ್ದಿಗೆ ಯಾರಿಗೆ ಕಾಗದ ಎಂದು ಕೇಳಿದರು. ಮುಚ್ಚಿಡಲಾಗಲಿಲ್ಲ, ಒಂದಕ್ಷರ ಬಿಡದೆ ಓದಿ ಹೇಳಿದೆ. ಆಮೇಲೆ ಮುಖ ಒರೆಸಿಕೊಂಡು ಅಂದರು: "ನಾಡಿದ್ದು ಅವಳು ಠಾಣೆಯ ಆಸ್ಪತ್ರೆಗೆ ಬರ್ಲಿ, ಆಪರೇಷನ್ ಮಾಡಿಸ್ತೇನೆ. ಆದ್ರೆ ಎರಡು ನಂಬರೂ ಹೇಳುದು ಬೇಡ, ಚಿಕ್ಕದು ಮಾತ್ರ ಸಾಕು. ದೊಡ್ಡದನ್ನು ಕವುಚಿ ಮಲಗಿದಲ್ಲೇ ಮನಸ್ಸಲ್ಲಿ ಭಾಗಿಸಿ ನಾನೇ ತೆಗೀತೇನೆ. ಸರಿಯಾ ತಪ್ಪಾ ಹೇಳ್ಲಿಕ್ಕೆ ಅವಳು ಪಕ್ಕದಲ್ಲಿ ಬೇಕು."