ಹಲಗೆ ಸೀಳಿದರೂ ಸರಿ, ಕಂಬ ನಿಲ್ಲಲಿ

ಜೂನ್ 2, ಸೋಮವಾರ

ಬೆಳಿಗ್ಗೆ ಲ್ಯಾಬಿನಲ್ಲಿ ಎರಡು ಗೋಡೆಯ ಸ್ಯಾಂಪಲ್ ಪರೀಕ್ಷೆ. ಎರಡೂ ಪಾಸ್. ಮಧ್ಯಾಹ್ನ ಅಣ್ಣನ ಸೈಟ್ — ಹೊಸ ಆಸ್ಪತ್ರೆ. ತೆಳು ಉಕ್ಕಿನ ಚೌಕಟ್ಟು, ಅದರ ಮೇಲೆ ಸ್ಕ್ರೂ ಹೊಡೆದು ಕೂರಿಸಿದ ಪ್ಲೈವುಡ್ ಹಲಗೆ. ಗೋಡೆಗಳ ಕಂಟ್ರಾಕ್ಟ್ ಅಣ್ಣನದು, ಲೆಕ್ಕ ಮತ್ತು ನಕ್ಷೆ ನನ್ನದು. ಹಲಗೆಯ ಅಂಚಿನಲ್ಲಿ ಸುಮ್ಮನೆ ಕೈಯಾಡಿಸಿದೆ. ನಕ್ಷೆಯಲ್ಲಿ ಒಂದು ಸ್ಕ್ರೂ ಇರುವ ಕಡೆಯೆಲ್ಲ ಎರಡು!

"ಏನಣ್ಣಾ ಇದು?"

"ನಿನ್ನ ಸೈನ್ ಇರೋ ನಕ್ಷೆ ಕಣೇ. ನಾಳೆ ಯಾರೂ ನಿನ್ನ ಕಡೆ ಬೆರಳು ತೋರಿಸಬಾರದು. ಅದಕ್ಕೇ ಒಂದಕ್ಕೆರಡು ಹಾಕಿಸ್ದೆ."

"ಇದು ತಪ್ಪು. ಹೀಗೆ ಮಾಡಬಾರದು."

ನಕ್ಕುಬಿಟ್ಟ. ನಾನು ಸ್ಕ್ರೂಗಳನ್ನು ಎಣಿಸಿ ಬರೆದುಕೊಂಡೆ.

ಜೂನ್ 3

ಅತಿಯಾದರೆ ಅಮೃತವೂ ವಿಷ. ಭೂಮಿ ನಡುಗಿದರೆ ಮೊದಲು ವಾಲಬೇಕಾದದ್ದು ಸ್ಕ್ರೂ. ಅದು ಹಲಗೆಯನ್ನು ಕೊರೆದು, ಒದ್ದಾಡಿ, ನಡುಕದ ಕಸುವನ್ನೆಲ್ಲ ಅಲ್ಲೇ ಇಂಗಿಸಬೇಕು. ಸ್ಕ್ರೂ ಹೆಚ್ಚಾದರೆ ಹಲಗೆ ಬಿಗಿ. ಹೊರೆಯೆಲ್ಲ ಗೋಡೆಯ ತುದಿಯ ಉಕ್ಕಿನ ಕಂಬಕ್ಕೆ. ಅದು ಮಡಚಿಕೊಂಡರೆ ಹೇಳದೆ ಕೇಳದೆ ಮಡಚಿಕೊಳ್ಳುತ್ತದೆ. ನಾಳೆ ಒಳಗೆ ಮಲಗುವವರು ಎದ್ದು ಓಡಲಾರದ ರೋಗಿಗಳು.

ಮತ್ತೆ ಮತ್ತೆ ಲೆಕ್ಕ ಹಾಕಿದೆ. ಕಂಬ ತಡೆಯಬಹುದು... ತಡೆಯದೆಯೂ ಇರಬಹುದು. ಚೀಫ್ ಇಂಜಿನಿಯರಿಗೆ ಹೇಳಿಬಿಟ್ಟೆ.

"ಅಲ್ಲಿರೋ ಹಾಗೇ ಒಂದು ಗೋಡೆ ಲ್ಯಾಬಲ್ಲಿ ಕಟ್ಟಿಸಿ, ಅಲ್ಲಾಡಿಸಿ ನೋಡೋಣ," ಅಂದರು. "ಕಂಬ ಮೊದಲು ಹೋದ್ರೆ ಅಷ್ಟೂ ಗೋಡೆ ಬಿಚ್ಚಿಸಬೇಕಾಗತ್ತೆ."

ಜೂನ್ 4

ಅಣ್ಣನ ಫೋನ್. "ಒಡಹುಟ್ಟಿದವಳೇ ಹೋಗಿ ಕಂಪ್ಲೇಂಟ್ ಕೊಡೋದಾ? ಮನೆಮುರುಕಿ!" ಕಟ್.

ಮೊದಲು ಅವನಿಗೇ ಹೇಳಿದ್ದೆನಲ್ಲ. ಕಿವಿ ಇದ್ದರೆ ತಾನೇ.

ಜೂನ್ 15, ಭಾನುವಾರ

ಅವನಿಂದ ಮಾತಿಲ್ಲ, ಮೆಸೇಜಿಲ್ಲ. ಅತ್ತಿಗೆ ಒಬ್ಬರೇ ಬಂದರು.

"ನಾನು ಯಾರ ಪರ ಅಂತ ಕೇಳ್ಬೇಡ. ಕಾಫಿ ಕೊಟ್ಟೋರ ಪರ."

ಕಾಫಿ ಕೊಟ್ಟೆ. ನಕ್ಷೆ ನನ್ನದೇ ಆದ್ದರಿಂದ ಲ್ಯಾಬಿನ ಗೋಡೆ ಕಟ್ಟುವ ಕಡೆ ನಾನು ಹೋಗಿಲ್ಲ; ಅದನ್ನು ಅಣ್ಣನೇ ನಿಂತು ಕಟ್ಟಿಸುತ್ತಿದ್ದಾನಂತೆ. "ಒಂದಿಷ್ಟು ಸ್ಕ್ರೂ ಕಮ್ಮಿ ಹಾಕಿ, ಪಾಸಾಗಿಬಿಡುತ್ತೆ ಅಂದ್ರಂತೆ ಜೊತೆಯವರು. ಮೈಮೇಲೇ ಹೋದ್ರಂತೆ ನಿಮ್ಮಣ್ಣ. ಆಸ್ಪತ್ರೇಲಿ ಹೆಂಗಿದ್ಯೋ ಇಲ್ಲೂ ಹಂಗೇ ಇರ್ಬೇಕು ಅಂತ."

ಸಿಟ್ಟು ಅರ್ಧ ಇಳಿಯಿತು. ಭಯ ಇಳಿಯಲಿಲ್ಲ.

ಜೂನ್ 20, ಮಧ್ಯಾಹ್ನ

ಲ್ಯಾಬಿನ ಪರೀಕ್ಷೆ ಈಗಷ್ಟೇ ಮುಗಿಯಿತು. ಬರೆದುಬಿಡುತ್ತೇನೆ.

ಅಣ್ಣ ಬಂದಿದ್ದ. ದೂರದ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದ. ಯಂತ್ರ ಗೋಡೆಯ ತಲೆಯನ್ನು ಆ ಕಡೆ ನೂಕಿತು, ಈ ಕಡೆ ಎಳೆಯಿತು. ಪ್ರತಿ ಸಲವೂ ಸ್ವಲ್ಪ ಜಾಸ್ತಿ. ಮೊದಲು ಏನೂ ಇಲ್ಲ. ಆಮೇಲೆ ಕಿರ್‌... ಟಕ್‌... ಅಂಚಿನ ಸ್ಕ್ರೂಗಳು ವಾಲತೊಡಗಿದವು. ತಲೆಗಳು ಹಲಗೆಯೊಳಗೆ ಹೂತುಕೊಂಡವು. ಮೂಲೆ ಸೀಳಿತು.

"ನಿಲ್ಲಿಸೇ! ಮುರೀತಾ ಇದೆ!" ಅಣ್ಣ ಓಡಿಬಂದ. ಅಷ್ಟು ದಿನಗಳ ಮೇಲೆ ಮೊದಲ ಮಾತು.

"ಮುರೀಲಿ ಬಿಡಣ್ಣಾ! ಕಂಬ ನೋಡು, ಕಂಬ!"

ಹಲಗೆ ಜೋತುಬಿತ್ತು. ಕಂಬ ನೆಟ್ಟಗೆ ನಿಂತಿತ್ತು! ಚೀಫ್ ಬುಡದಲ್ಲಿ ಕೂತು ಟಾರ್ಚ್ ಬಿಟ್ಟು ನೋಡಿದರು, ಎದ್ದರು. "ಏನೂ ಬಿಚ್ಚೋದು ಬೇಡ. ಆದ್ರೆ ಇನ್ಮೇಲೆ ಸ್ಕ್ರೂ ವಿಷಯದಲ್ಲಿ ಈ ಧಾರಾಳ ಬೇಡ."

ಹೋದ ಜೀವ ಬಂದ ಹಾಗಾಯಿತು. ಎಲ್ಲರೆದುರಿಗೇ ಅತ್ತುಬಿಟ್ಟೆ. ಅಣ್ಣ ಕರವಸ್ತ್ರ ಕೊಟ್ಟ — ಪೂರ್ತಿ ಗ್ರೀಸು. ಮುಖವೆಲ್ಲ ಕಪ್ಪಾಯಿತು. ಅವನೇ ಮೊದಲು ನಕ್ಕ, ಹಾಳಾದವನು.

ಜೂನ್ 27, ಬೆಳಿಗ್ಗೆ 8

ಅಣ್ಣನ ಫೋನ್. ಮೇಲಿನ ಮಹಡಿ ಶುರು. "ಕಿಟಕಿ ಪಕ್ಕ ಹಲಗೆ ಅಂಚು ಸ್ವಲ್ಪ ಸೀಳಿದೆ. ಸ್ಕ್ರೂನ ಒಳಗೆ ಸರಿಸಿ ಹೊಡೀಲಾ? ನಿನ್ನ ಕೇಳೇ ಹೊಡೆಯೋಣ ಅಂತ."

ಹುಟ್ಟಿದಾಗಿನಿಂದ ನನ್ನನ್ನು ಏನೂ ಕೇಳಿದವನಲ್ಲ. ನಾನು ಶಾಲೆಗೆ ಯಾವ ಬಣ್ಣದ ಚೀಲ ಹಾಕಿಕೊಳ್ಳಬೇಕೆಂದು ತೀರ್ಮಾನಿಸಿದವನೂ ಅವನೇ. ಫೋನ್ ಕಿವಿಗೊತ್ತಿಕೊಂಡೇ ಆ ಮಹಡಿಯ ನಕ್ಷೆ ಹುಡುಕಿದೆ.

"ಇದ್ದೀಯೇನೇ?"

"ಇದ್ದೀನಿ. ಬಂದು ನೋಡಿ ಹೇಳ್ತೀನಿ. ಅಲ್ಲೀವರೆಗೂ ಮುಟ್ಟಬೇಡ."

"ಆಯ್ತು ಕಣೇ. ಮುಟ್ಟಲ್ಲ."

ಮುಟ್ಟಲ್ಲ ಅಂದ! ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ. ಕೆಳಗೆ ಹಾರ್ನ್... ಕರೆದುಕೊಂಡು ಹೋಗಲು ಅವನೇ ಬಂದಿದ್ದಾನೆ.