ದೋಣಿಯವನು ಊಟ ಆಯ್ತಾ ಅನ್ನಲಿಲ್ಲ

ತಾರೀಖು ಹದಿನಾಲ್ಕು, ಮಂಗಳವಾರ
ಇಸ್ತ್ರಿ ಅಂಗಡಿ, ಮಧ್ಯಾಹ್ನ

ನನ್ನ ಅಕ್ಕನಿಗೆ,

ನಿನ್ನ ಬಸವನಹುಳು ಬರೆಯುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಸೋತಿದೆ, ಬಾಯಿ ಸೋತಿಲ್ಲ.

ಭಾನುವಾರ ಬರ್ತೀನಿ, ನಾಲ್ಕು ದಿನ ರಜ, ಈ ಸಲ ಕೊನೇ ಕೋಟೆ ಗೆದ್ದೇ ಹೋಗೋಣ ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಹೂಂ ಅಂದೆ. ಹೇಳಬೇಕಾದದ್ದು ಬೇರೆ ಇತ್ತು. ನೀನು ಬಂದು ಕಂಪ್ಯೂಟರ್ ಮುಂದೆ ಕೂರುವ ಮೊದಲು ಹೇಳಿಬಿಡಬೇಕು. ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ, ಅದು ನಿನಗೆ ಗೊತ್ತು.

ನಮ್ಮ ಆಟದಲ್ಲಿ ನೀನು ಆಡಿಸುತ್ತಿದ್ದ ಅಮ್ಮಣ್ಣಿ ಈಗ ಇಲ್ಲ. ಜೌಗು ಕಾಡಿನ ಜೇಡಗಳ ಕೈಗೆ ಸಿಕ್ಕಿ ಸತ್ತುಹೋದಳು. ಗಾಬರಿಯಲ್ಲಿ ನಾನು ಸೇವ್ ಮಾಡಿಬಿಟ್ಟೆ. ನಾವು ಸೇವ್ ಇಟ್ಟಿರುವುದು ಒಂದೇ, ಹಿಂದಕ್ಕೆ ಹೋಗಿ ಅವಳನ್ನು ಬದುಕಿಸುವಂತಿಲ್ಲ. ಎರಡೆರಡು ಇಟ್ಟುಕೊಂಡರೆ ಭಯ ಇರಲ್ಲ, ಭಯ ಇಲ್ಲದಿದ್ದರೆ ಮಜಾ ಇರಲ್ಲ ಅಂತ ನೀನೇ ಕಾನೂನು ಮಾಡಿದ್ದೆ.

ಒಬ್ಬಳೇ ಯಾಕೆ ಆಡಿದೆ ಅಂತ ಕೇಳುತ್ತೀಯ. ಒಬ್ಬರನ್ನು ಬಿಟ್ಟು ಒಬ್ಬರು ಒಂದು ಹೆಜ್ಜೆಯೂ ಮುಂದೆ ಇಡಬಾರದು ಅಂತ ನಮ್ಮ ಮಾತಾಗಿತ್ತು. ನೀನು ಆಸ್ಪತ್ರೆ ಕೆಲಸಕ್ಕೆ ಹೋದ ಮೇಲೆ ನಾನು ಕಂಪ್ಯೂಟರಿಗೆ ಹಳೇ ಬೆಡ್‌ಶೀಟು ಹೊದಿಸಿಟ್ಟೆ. ದೂಳು ಒರೆಸುವುದಕ್ಕೆ ಬಿಟ್ಟರೆ ಮುಟ್ಟಲಿಲ್ಲ. ಮೊದಲ ರಜಕ್ಕೆ ನೀನು ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ. ನಿನ್ನ ತಪ್ಪು ಅನ್ನುತ್ತಿಲ್ಲ. ರೋಗಿಗಳನ್ನು ಬಿಟ್ಟು ಹೇಗೆ ಬರುತ್ತೀಯ?

ನಮ್ಮ ಆಟ ನಮಗೇ ಇರಲಿ, ನಾನೊಬ್ಬಳೇ ಆಡುವುದಕ್ಕೆ ಬೇರೆಯದು ತರೋಣ ಅಂದುಕೊಂಡು ರಿಪೇರಿ ಅಂಗಡಿಯ ಕನ್ನಡಕದಣ್ಣನ ಹತ್ತಿರ ಹೋದೆ. ಬಾಗಿಲ ತನಕ ಹೋಗಿ ಎರಡು ಸಲ ವಾಪಸ್ಸು ಬಂದೆ. ಮೂರನೇ ಸಲ ಒಳಗೆ ಹೋಗಿ, ಪಾತ್ರ ಕಟ್ಟಿಕೊಂಡು ಊರೂರು ಸುತ್ತುವ ಹಳೇ ಕಾಲದ ಆಟ ಬೇಕು, ಒಬ್ಬಳೇ ಆಡೋದಕ್ಕೆ ಅಂದೆ. ಅವರಿಗೆ ಖುಷಿಯೋ ಖುಷಿ. ಈಗಿನವರು ಇದನ್ನೆಲ್ಲ ಎಲ್ಲಿ ಕೇಳ್ತಾರಮ್ಮ ಅಂತ ರಟ್ಟಿನ ಪೆಟ್ಟಿಗೆಯಿಂದ ಮೂರು ಡಿಸ್ಕ್ ತೆಗೆದರು. ಒಂದರಲ್ಲಿ ಆರು ಜನರ ಪಡೆಯಂತೆ, ಆರೂ ಜನಕ್ಕೆ ಉಡಿಸಿ ಉಣಿಸುವಷ್ಟರಲ್ಲಿ ಸಾಕಾಗುತ್ತೆ, ಮನೇಲಿ ಮಾಡೋ ಕೆಲಸ ಸಾಲದೇನು ಅಂದರು. ಇನ್ನೊಂದರಲ್ಲಿ ಒಬ್ಬರೇ ನೆಲಮಾಳಿಗೆಗೆ ಇಳಿಯಬೇಕು, ಸತ್ತರೆ ಮತ್ತೆ ಮೊದಲಿನಿಂದ. ಮೂರನೆಯದನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇದರಲ್ಲಿ ಕತ್ತಿಗಿಂತ ಮಾತೇ ಜಾಸ್ತಿ, ಕಲ್ಲೂ ಮಾತಾಡುತ್ತೆ, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬರುತ್ತೆ ಅಂದರು.

ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ಇಂಗ್ಲಿಷ್ ಅಂದರೆ ಅಂಗಿ ಕಾಲರಿನಲ್ಲಿರುವ ಅಳತೆಯ ಅಕ್ಷರಗಳಷ್ಟೇ ನನಗೆ ಗೊತ್ತು ಅನ್ನಬೇಕಿತ್ತು. ಓದುವುದು ಕಡಿಮೆ ಇರುವುದನ್ನು ಕೊಡಿ ಅಂದಿದ್ದರೂ ಸಾಕಿತ್ತು. ಆದರೆ ನಾನು, ಓದೋದು ಅಂದ್ರೆ ನನಗೆ ಪ್ರಾಣ ಅಂದೆ. ಮೂರನೆಯದನ್ನೇ ತಂದೆ.

ಮನೆಗೆ ಬಂದು ಹಾಕಿದರೆ ಪರದೆ ತುಂಬ ಅಕ್ಷರ. ಒಬ್ಬ ಮುದುಕ ಎದುರಿಗೆ ಬಂದು ಏನೋ ಕೇಳಿದ. ಕೆಳಗೆ ನಾಲ್ಕು ಉತ್ತರ ಇತ್ತು. ನಾನು ಮೂರನೆಯದನ್ನು ಒತ್ತಿದೆ. ಅವನು ಚಾಕು ತೆಗೆದು ಚುಚ್ಚಿಯೇಬಿಟ್ಟ. ಮತ್ತೆ ಶುರು ಮಾಡಿ ಎರಡನೆಯದನ್ನು ಒತ್ತಿದೆ, ಮತ್ತೆ ಚುಚ್ಚಿದ. ಮೊದಲ ಕೋಣೆ ದಾಟುವುದರೊಳಗೆ ಐದು ಸಲ ಸತ್ತೆ. ಹಿಂದೆ ಕೂತು ನೋಡುತ್ತಿದ್ದ ಅಮ್ಮ, ಹಿರಿಯರಿಗೆ ಅಂಥದ್ದೇನಂದ್ಯೇ ನೀನು ಅಂತ ಕೇಳಿದಳು.

ವಾರ ಬಿಟ್ಟು ಡಿಸ್ಕ್ ವಾಪಸ್ಸು ಕೊಡಲು ಹೋದೆ. ಮುಗೀತಾ ಅಂತ ಕೇಳಿದರು. ಮುಗೀತು ಅಂದೆ. ಕೊನೇಲಿ ಅವಳನ್ನ ಕ್ಷಮಿಸಿದೆಯಾ, ಬಿಟ್ಟೆಯಾ ಅಂತ ಕೇಳಿದರು. ಯಾರನ್ನು, ಯಾವುದಕ್ಕೆ? ನನಗೇನು ಗೊತ್ತು ಅಕ್ಕ? ಕ್ಷಮಿಸಿದೆ ಅಂದೆ. ನಿನ್ನ ಮನಸ್ಸು ದೊಡ್ಡದಮ್ಮ ಅಂದರು. ನನ್ನ ಕಿವಿಯ ಮೇಲೆ ಆಗ ಅಂಗಿ ಇಟ್ಟಿದ್ದರೆ ಇಸ್ತ್ರಿ ಆಗಿಬಿಡುತ್ತಿತ್ತು. ಅಂದಿನಿಂದ ಬಟ್ಟೆ ಕೊಡಲು ಆ ಬೀದಿಯಲ್ಲಿ ಹೋಗುವುದಿಲ್ಲ, ನೀರಿನ ಟ್ಯಾಂಕ್ ಸುತ್ತಿಕೊಂಡು ಹೋಗುತ್ತೇನೆ.

ಆಮೇಲೆ ನಮ್ಮ ಆಟವನ್ನೇ ತೆರೆದೆ. ಅದರಲ್ಲಿ ನನಗೆ ದಾರಿ ಗೊತ್ತು. ಅಂಗಿ ಮಡಚುವಾಗ ಒಳಗಿಡುವ ರಟ್ಟಿನ ಮೇಲೆ ನಾನು ಬರೆದ ನಕ್ಷೆಗಳೆಲ್ಲ ಹಾಗೇ ಇವೆ. ಜೌಗು ಕಾಡಿನಲ್ಲಿ ಆದದ್ದನ್ನು ಮೇಲೆ ಹೇಳಿದೆ. ಅಲ್ಲಿಂದ ನೇರ ನದಿಗೆ ಹೋದೆ. ಮನಸ್ಸು ಕೆಟ್ಟಿತ್ತು, ದೋಣಿಯವನನ್ನು ಮಾತಾಡಿಸೋಣ ಅನ್ನಿಸಿತು. ನಾವು ಯಾವಾಗ ಹೋದರೂ ಅವನು, ಊಟ ಆಯ್ತಾ ತಂಗೀ, ಕಾಲು ಒದ್ದೆ ಮಾಡ್ಕೋಬೇಡ, ನಿಮ್ಮಕ್ಕ ನನ್ನ ಬೈತಾಳೆ ಅನ್ನುತ್ತಿದ್ದನಲ್ಲ. ನೀನು ಗೊಗ್ಗರು ದನಿ ಮಾಡಿ ಅದನ್ನು ಕನ್ನಡದಲ್ಲಿ ಓದುತ್ತಿದ್ದೆ.

ಪರದೆಯ ಮೇಲೆ ಎರಡೇ ಪದ ಬಂತು. ನಾಲ್ಕು ಸಲ ಒತ್ತಿದೆ, ಅದೇ ಎರಡು ಪದ. ಅಕ್ಷರಗಳನ್ನು ಹಾಗೇ ರಟ್ಟಿನ ಮೇಲೆ ಇಳಿಸಿಕೊಂಡು ಹೋಗಿ ನಮ್ಮ ಇಸ್ತ್ರಿ ಅಂಗಡಿಯ ಯಜಮಾನಿಯವರಿಗೆ ತೋರಿಸಿದೆ. ಹತ್ತಿಕೋ ಅಂತ ಬರೆದಿದೆ ಕಣೇ, ಇದೇನು ಬಸ್ಸಿನ ಬೋರ್ಡಾ ಅಂದರು.

ಆಮೇಲೆ ಕಮ್ಮಾರ, ಗಿಡಮೂಲಿಕೆಯ ಅಜ್ಜಿ, ಕೋಟೆ ಕಾವಲಿನವನು ಎಲ್ಲರ ಮಾತನ್ನೂ ಬರೆದುಕೊಂಡು ಹೋದೆ. ಯಾರೂ ನನ್ನ ಬಗ್ಗೆ ಏನೂ ಕೇಳಿಲ್ಲ. ಎರಡು ವರ್ಷ ಅವರೆಲ್ಲರ ಬಾಯಲ್ಲಿ ಕೇಳಿದವಳು ನೀನೇ.

ಆ ದೋಣಿಯವನು ಅಷ್ಟು ಅಕ್ಕರೆಯವನು ಅಂತ ನಾನು ಅವನಿಗೋಸ್ಕರ ಕಳ್ಳರ ಜೊತೆ ಹೊಡೆದಾಡಿದ್ದೆ. ನೀನು ಕ್ಲಾಸು ಮುಗಿಸಿ ಬಂದು, ಚೀಲವನ್ನೂ ಇಳಿಸದೆ ನನಗೆ ಓದಿ ಹೇಳುತ್ತಿದ್ದೆ. ನಿನಗೆ ಊಟ ಆಯ್ತಾ ಅಂತ ನಾನು ಒಂದು ದಿನವಾದರೂ ಕೇಳಿದೆನಾ? ಇಸ್ತ್ರಿ ಮಾಡುತ್ತಾ ನಿಂತು ಎಷ್ಟು ನೆನಪಿಸಿಕೊಂಡರೂ ಅಂಥ ಒಂದು ದಿನ ಸಿಗುವುದಿಲ್ಲ. ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಭಾನುವಾರ ಬಾ. ಆಟ ಆಡದಿದ್ದರೂ ಪರವಾಗಿಲ್ಲ. ಊಟಕ್ಕೆ ಕಾಯುತ್ತಿರುತ್ತೇನೆ.

ತಲೆ ತಗ್ಗಿಸಿಕೊಂಡು,
ನಿನ್ನ ಬಸವನಹುಳು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಜೇಡಗಳ ಕತೆ ಸುಳ್ಳು. ಅಮ್ಮಣ್ಣಿ ಸತ್ತಿಲ್ಲ. ಎರಡನೇ ರಜಕ್ಕೂ ಬರಲ್ಲ ಅಂತ ನೀನು ಹೇಳಿದ ದಿನವೇ ಬೆಡ್‌ಶೀಟು ತೆಗೆದು, ಅವಳ ಮುಖದ ಚಿತ್ರ ಹಿಡಿದು ಗುಂಪಿನಿಂದ ಆಚೆ ಎಳೆದು, ಸತ್ರದಲ್ಲಿ ಬಿಟ್ಟು ಬಂದೆ. ಅವಳ ಜಾಗಕ್ಕೆ ಒಬ್ಬ ಕೊಡಲಿಯವನನ್ನು ಸೇರಿಸಿಕೊಂಡೆ, ಮೂಗನಂಥವನು. ಬೇಕೆಂದೇ ಸೇವ್ ಮಾಡಿದೆ. ಬೇರೆ ಆಟ ಹುಡುಕಿಕೊಂಡು ಹೋದದ್ದು ಅದಾದ ಮೇಲೆ, ನಮ್ಮ ಆಟಕ್ಕೆ ಮುಖ ತೋರಿಸಲಾಗದೆ. ಅವಳನ್ನು ಮತ್ತೆ ಕರೆದುಕೊಳ್ಳಬಹುದು, ಒಂದು ಗುಂಡಿ ಒತ್ತಿದರೆ ಸಾಕು. ನನಗೆ ಕೈ ಬರುತ್ತಿಲ್ಲ. ಸತ್ರದ ಒಲೆ ಪಕ್ಕದಲ್ಲೇ ನಿಂತಿದ್ದಾಳೆ. ಹತ್ತಿರ ಹೋದರೆ ಒಂದು ಸಾಲು ಹೇಳುತ್ತಾಳೆ. ಅದನ್ನು ಮಾತ್ರ ನಾನು ಯಜಮಾನಿಯವರಿಗೆ ತೋರಿಸಿಲ್ಲ. ಅದರಲ್ಲಿ ಏನೇ ಬರೆದಿರಲಿ, ನೀನು ಬಂದು ನಿನ್ನ ಥರವೇ ಓದು.