ಪಂಚಮಿ ಕೌದಿಯ ನಾಲ್ಕನೆಯ ಮೂಲೆ

ನನ್ನ ಅತ್ತೆಗೆ, ನನ್ನ ಅಪ್ಪನ ಅಕ್ಕನಿಗೆ,

ಕೌದಿ ಸಿಕ್ಕಿತು ಅತ್ತೆ! ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾರಾದರೂ ಸುದ್ದಿಯನ್ನು ಸುತ್ತಿ ಬಳಸಿ ಹೇಳಲು ಕೂತರೆ ನೀನು ಕೈ ಅಡ್ಡ ಮಾಡಿ, "ತುದಿ ಹೇಳ, ಬುಡ ಆಮ್ಯಾಲ ಕೇಳ್ತೀನಿ" ಅನ್ನುತ್ತಿದ್ದೆಯಲ್ಲ, ಅದಕ್ಕೆ ತುದಿ ಮೊದಲು. ನಿನ್ನ ಪಂಚಮಿ ಕೌದಿ ದೇವಾಪುರದ ನಮ್ಮ ಪಡಸಾಲೆಗೆ ತಿರುಗಿ ಬಂದಿದೆ. ಹುಡುಕಿ ತಂದವಳು ನಾನು. ಸೂಜಿ ಹಿಡಿಯಲು ಬಾರದವಳು ಅಂತ ಓಣಿಗೆಲ್ಲ ಹೇಳಿಕೊಂಡು ತಿರುಗಿದೆಯಲ್ಲ, ಅದೇ ನಿನ್ನ ಸೊಸೆ. ಈಗ ಬುಡ ಕೇಳು, ನಡುವೆ ಬಾಯಿ ಹಾಕಬೇಡ.

ನಾನು ಮದುವೆಯಾಗಿ ಬಂದ ಮೊದಲ ಪಂಚಮಿ ನೆನಪಿದೆಯೇ? ಗೋಗಿಯಿಂದ ಗಂಗಾ, ಯಾದಗಿರಿಯಿಂದ ಸುವರ್ಣ, ನಿನ್ನ ಹೆಣ್ಣುಮಕ್ಕಳಿಬ್ಬರೂ ತವರಿಗೆ ಬಂದಿದ್ದರು. ಗಂಗಾ ತನ್ನ ಹಳೆಯ ಸೀರೆಯ ತುಂಡು ತಂದಿದ್ದಳು, ಸುವರ್ಣ ಮಗುವಿನ ಅಂಗಿಯ ತುಂಡು ತಂದಿದ್ದಳು. ನೀನು ಟ್ರಂಕಿನಿಂದ ಕೌದಿ ತೆಗೆಸಿದೆ. ವರ್ಷವೆಲ್ಲ ಉಟ್ಟು ಮೆತ್ತಗಾದ ಬಟ್ಟೆಯ ತುಂಡನ್ನು ಹೆಣ್ಣುಮಕ್ಕಳು ಪಂಚಮಿಗೆ ತಂದು ಅದಕ್ಕೆ ಹೊಲಿಯುವುದು ನಿನ್ನ ಅತ್ತೆಯ ಕಾಲದಿಂದ ಬಂದ ಪದ್ಧತಿ. ನಾನೂ ಆಸೆಯಿಂದ ಒಂದು ತುಂಡು ಹಿಡಿದು ಬಂದೆ. ನೀನು ನಕ್ಕುಬಿಟ್ಟೆ. "ಇದು ಮನೀ ಹೆಣ್ಣುಮಕ್ಕಳ ಕೌದಿ. ಸೊಸಿದು ಸೊಸಿ ತವರಾಗ. ನೀ ಹೊಲಿಯಾಕಿ ಅಲ್ಲವಾ, ಹಾಸಾಕಿ." ನನ್ನ ತವರು ಅಂದರೆ ನಿನ್ನ ತವರೇ ಅಲ್ಲವೇ ಅತ್ತೆ? ನನ್ನಪ್ಪ, ನಿನ್ನ ತಮ್ಮ, ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿದ್ದದ್ದು ನಿನಗೆ ಗೊತ್ತಿರಲಿಲ್ಲವೇ? ನನ್ನ ತುಂಡು ಹಿಡಿದುಕೊಂಡು ನಾನು ಎಲ್ಲಿಗೆ ಹೋಗಬೇಕಿತ್ತು?

ಆದರೂ ಹಾಸಿದೆ. ವರ್ಷ ವರ್ಷವೂ ಹಾಸಿದೆ. ನೀವು ಮೂವರೂ ಕೌದಿಯ ಮೇಲೆ ಕೂತು ಜೋಳದ ಅಳ್ಳು ಮುಕ್ಕುತ್ತ, ಊರವರ ಸುದ್ದಿಯನ್ನು ಜರಡಿ ಹಿಡಿಯುತ್ತ ಹೊಲಿಯುತ್ತಿದ್ದಿರಿ. ನಾನು ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದೆ. ನಿಮ್ಮ ನಗು ಅಡುಗೆಮನೆಗೆ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಯಾರೂ ಬೇಡ ಅಂದದ್ದಲ್ಲ ಅನ್ನು. ಉಂಡಿ ಕಟ್ಟುವವರು ಒಬ್ಬರು ಬೇಕಲ್ಲ… ಕೊನೆಗೆ ನಾಲ್ಕನೆಯ ಮೂಲೆ ಬಿಚ್ಚುವಾಗ ಮಾತ್ರ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಮೂರು ಮೂಲೆ ಗಟ್ಟಿ ಹೊಲಿಗೆ, ನಾಲ್ಕನೆಯದು ಸಡಿಲ. ಅದನ್ನು ಬಿಚ್ಚಿ ಹಳೆಯ ಜೋಳ ಉದುರಿಸಿ, ಹೊಸ ಜೋಳ, ಒಂದು ಚೂರು ಬೆಲ್ಲ ಇಟ್ಟು ನೀನು ಕೌದಿಯ ಉಡಿ ತುಂಬುತ್ತಿದ್ದೆ. "ಹೊಟ್ಟಿ ಖಾಲಿ ಇದ್ದ ಕೌದಿ ಹೊದ್ದವರಿಗಿ ನಿದ್ದಿ ಕೊಡೂದಿಲ್ಲ" ಅನ್ನುತ್ತಿದ್ದೆ. ಆ ಹೊತ್ತಿಗೆ ನಿನ್ನ ಮುಖ ನೋಡಲು ಚೆಂದವಿರುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ವಾರ ಟ್ರಂಕಿನಿಂದ ಅದನ್ನು ತೆಗೆಸಿ ತಲೆಯ ಕೆಳಗೆ ಮಡಿಚಿ ಇಟ್ಟುಕೊಂಡೆಯಲ್ಲ, ಅಲ್ಲಿಂದಲೇ ಗದ್ದಲ ಶುರುವಾದದ್ದು. ನೀನು ಹೋದ ದಿನ ಮನೆ ತುಂಬ ಜನ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಹಾಸಿಗೆಯನ್ನು ಊರ ಹೊರಗೆ ಇಡಬೇಕಲ್ಲ, ನಿನ್ನ ಮೈದುನ, ನಮ್ಮ ಸಣ್ಣ ಮಾವ, ಚಾಪೆ, ದಿಂಬು, ಹೊದಿಕೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬೇಲಿಯ ಹತ್ತಿರ ಇಟ್ಟು ಬಂದುಬಿಟ್ಟ. ದಿಂಬಿನ ಜಾಗದಲ್ಲಿದ್ದದ್ದು ಏನು ಅಂತ ಬಿಚ್ಚಿ ನೋಡಿದನೇ? ನಾನು ಓಡಿಹೋಗುವಷ್ಟರಲ್ಲಿ ಬೇಲಿಯ ಹತ್ತಿರ ಚಾಪೆಯೊಂದೇ ಬಿದ್ದಿತ್ತು. ಅಂಗಳದಲ್ಲಿ ನಿಂತು, ಯಾರು ಗಂಟು ಕಟ್ಟಿದ್ದು ಅಂತ ನಾನಿನ್ನೂ ಕೇಳಿರಲಿಲ್ಲ, ಅಷ್ಟರಲ್ಲೇ "ನಾ ಏನ್ ಬೇಕಂತ ಮಾಡೀನೇನು?" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

ಗಂಗಾ ಅತ್ತದ್ದನ್ನು ನೀನು ನೋಡಬೇಕಿತ್ತು. ಬೇಡ, ನೋಡದಿದ್ದದ್ದೇ ಒಳ್ಳೆಯದು. ಊರಿಗೆ ಹೊರಡುವ ದಿನ ಹೊಸ್ತಿಲಲ್ಲಿ ನಿಂತು ನನಗೇ ಅಂದಳು: "ಅವ್ವನೂ ಇಲ್ಲ, ಅವ್ವನ ಕೌದೀನೂ ಇಲ್ಲ. ಇನ್ನ ಪಂಚಮಿಗಿ ಯಾರ ಮಾರಿ ನೋಡಿ ಬರಬೇಕು ವೈನಿ?" ಸುವರ್ಣ ಚೀಲ ಎತ್ತಿಕೊಂಡಳು. ನಾನು ಅಲ್ಲೇ ಎದುರಿಗೇ ನಿಂತಿದ್ದೆ ಅತ್ತೆ. ನನಗೊಂದು ಮಾರಿ, ಒಂದು ಮುಖ ಇರಲಿಲ್ಲವೇ? ಅವರ ಹೆರಿಗೆಗಳಲ್ಲಿ ಬಿಸಿನೀರು ಕಾಸಿದವಳು, ಅವರ ಮಕ್ಕಳ ಕೂದಲು ತೆಗೆಸುವ ಜಾವಳಕ್ಕೆ ಹೋಳಿಗೆ ಮಾಡಿದವಳು ಯಾರು, ಪಕ್ಕದ ಮನೆಯವಳೇ?

ಆ ವರ್ಷದ ಪಂಚಮಿಗೆ ಯಾರೂ ಬರಲಿಲ್ಲ. ಗೋಗಿಯವಳಿಗೆ ಹೊಲದ ಕೆಲಸ, ಯಾದಗಿರಿಯವಳಿಗೆ ಮೊಮ್ಮಕ್ಕಳ ಪರೀಕ್ಷೆ. ನಿನ್ನ ಮಗ ರೂಢಿಯಂತೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ, ತೂಗುವವರಿಲ್ಲದೆ ಸಂಜೆ ತಾನೇ ಬಿಚ್ಚಿದ. ನಾನು ಹೆತ್ತದ್ದು ಒಬ್ಬ ಗಂಡುಮಗನನ್ನು. ಪಂಚಮಿಗೆ ಈ ಹೊಸ್ತಿಲು ತುಳಿಯುವ ಹೆಣ್ಣುಮಕ್ಕಳು ಅಂದರೆ ಇವರಿಬ್ಬರೇ. ಇವರು ನಿಂತರೆ ನಮ್ಮ ಮನೆಗೆ ಪಂಚಮಿಯೇ ನಿಂತಂತೆ. ಕಟ್ಟಿದ ಉಂಡಿ ಡಬ್ಬಿಯಲ್ಲೇ ಉಳಿದವು. ಆವತ್ತು ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಕೌದಿ ಹುಡುಕಿ, ಹಾಸಿ, ಇವರಿಬ್ಬರನ್ನೂ ಅದರ ಮೇಲೆ ಕೂಡಿಸದಿದ್ದರೆ ನನ್ನ ಹೆಸರು ಮಹಾದೇವಿಯೇ ಅಲ್ಲ ಅಂದುಕೊಂಡೆ.

ನಮ್ಮ ಹಿಟ್ಟಿನ ಗಿರಣಿ ಸದ್ದಿನ ಜಾಗ ಅಂತ ನೀನು ಬೈಯುತ್ತಿದ್ದೆ. ಆ ಸದ್ದಿನೊಳಗೆ ಎಷ್ಟು ಊರಿನ ಸುದ್ದಿ ಬೀಳುತ್ತದೆ ಗೊತ್ತೇ? ಜೋಳದ ಬುಟ್ಟಿ ಇಳಿಸಿದ ಪ್ರತಿಯೊಬ್ಬಳನ್ನೂ ಕೇಳಿದೆ: ಮೂರು ಮೂಲೆ ಗಟ್ಟಿ, ಒಂದು ಮೂಲೆ ಸಡಿಲ ಇರುವ ಕೌದಿ ಎಲ್ಲಾದರೂ ಕಂಡಿದ್ದೀಯಾ? ನಿನ್ನ ಮಗ ತಲೆ ಚಚ್ಚಿಕೊಂಡ. "ಮಂದಿ ಹಿಟ್ಟ ಬೀಸ್ಕೊಳಾಕ ಬರ್ತಾರ, ನಿನ್ನ ಪಂಚಾಯ್ತಿಗಲ್ಲ" ಅಂದ. ಅನ್ನಲಿ. ಬೇಸಿಗೆ ಕಳೆಯುವ ಹೊತ್ತಿಗೆ ಒಬ್ಬ ಅಜ್ಜಿ ಹಿಟ್ಟು ಕೊಡವಿಕೊಳ್ಳುತ್ತ, "ಹೊಳಿ ದಂಡ್ಯಾಗ ಮೀನ ಹಿಡಿಯವರ ಮನ್ಯಾಗ ಒಂದು ಅದ ನೋಡವಾ. ಕೂಸಿನ ತೊಟ್ಟಿಲಕ್ಕ ಹಾಸ್ಯಾರ" ಅಂದಳು. ನಾನು ಗಿರಣಿಯ ಗುಂಡಿ ಒತ್ತಿ ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಟಂಟಂನಲ್ಲಿ ಕೂತು ಹೋಗುವಾಗ ದಾರಿಯುದ್ದಕ್ಕೂ ಜಗಳ ಜೋಡಿಸಿಕೊಂಡೆ. ಹೀಗಂದರೆ ಹೀಗೆ, ಹಾಗಂದರೆ ಹಾಗೆ. ನಿನ್ನ ಸೊಸೆಯಲ್ಲವೇ, ಮಾತಿಗೆ ಬರವೇ? ಹೋಗಿ ನೋಡಿದರೆ ಮನೆಯ ಮುಂದೆ ಬಲೆ ಒಣಹಾಕಿತ್ತು. ಒಳಗಿಂದ ಬಂದವಳು ಹುಲಿಗೆಮ್ಮ ಅಂತ, ಇನ್ನೂ ಎಳೆಯ ಹುಡುಗಿ. ಕಂಕುಳಲ್ಲಿ ಕೂಸು, ಕೂಸಿನ ಮೈಗೆ ನಿನ್ನ ಕೌದಿ. "ಕುಂದರ್ರಿ ಅಕ್ಕಾರ" ಅಂದಳು. ನಾನು ಕೂರಲಿಲ್ಲ. "ಈ ಕೌದಿ ನಮ್ಮ ಮನೀದು" ಅಂದೆ. ಅವಳು ಕೂಸನ್ನು ಗಟ್ಟಿ ಅಪ್ಪಿಕೊಂಡು, "ಗೊತ್ತ್ರಿ. ಗಿರಣಿ ಮಲ್ಲಮ್ಮಾರದು" ಅಂದಳು.

ಎರಡು ಕೂಸು ಕೈಗೆ ಬಂದು ಹೋಗಿದ್ದವಂತೆ ಅವಳಿಗೆ. ಇದು ಹುಟ್ಟುವ ಮೊದಲು ಅವಳ ಅತ್ತೆ ಮೀನು ಮಾರಿ ನಮ್ಮೂರ ಬೇಲಿಯ ಪಕ್ಕದಲ್ಲಿ ಬರುತ್ತಿದ್ದಾಗ ಗಂಟು ಕಂಡಿದೆ. ಯಾರದು ಅಂತ ಕೇಳಿದ್ದಾಳೆ. ಮರಿಮೊಮ್ಮಗನ ಮುಖ ಕಂಡು ಹೋದ ಮುದುಕಿಯದು ಅಂದಿದ್ದಾರೆ. ತುಂಬು ಬಾಳು ಬಾಳಿದವರ ಅರಿವೆ ಕೂಸಿಗೆ ಹಾಸಿದರೆ ಕೂಸೂ ಬಾಳುತ್ತದೆ ಅಂತ ನಾವೂ ಮಾಡುತ್ತೇವಲ್ಲ? ಎತ್ತಿಕೊಂಡು ಬಂದಿದ್ದಾಳೆ. "ಒಯ್ಯಬ್ಯಾಡ್ರಿ ಅಂತ ಹ್ಯಾಂಗ ಅನ್ಲಿ, ನಿಮ್ದು ಅದ. ಆದ್ರ ಇದಿಲ್ಲದ ಇಕಿ ಮಲಗಂಗಿಲ್ಲ, ನಂಗೂ ಜೀವ ತಡಿಯಂಗಿಲ್ರಿ" ಅಂತ ಹುಲಿಗೆಮ್ಮ ಅತ್ತಳು. ಕೂಸಿನ ಹೆಸರೇನು ಅಂದೆ. ಏನಂದಳು ಗೊತ್ತೇ? ಮಲ್ಲಮ್ಮ! ನಿನ್ನ ಸ್ವಂತ ಮೊಮ್ಮಕ್ಕಳು ಯಾರೂ ಇಟ್ಟುಕೊಳ್ಳದ ಹೆಸರು ಹೊಳೆ ದಂಡೆಯಲ್ಲಿ ನಾಲ್ಕು ಹಲ್ಲು ತೋರಿಸಿ ನಗುತ್ತಿತ್ತು. ಜೋಡಿಸಿಕೊಂಡು ಹೋದ ಜಗಳದಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ.

ನೀನು ನನ್ನನ್ನು ಒಳಗೆ ಕರೆದು ಹಸಿರು ಇಲಕಲ್ ಸೀರೆ ಕೊಟ್ಟದ್ದು ಆಗ ನೆನಪಾಯಿತು. "ಇದು ನಿನಗ. ಆ ಇಬ್ಬರಿಗೂ ಹೇಳಬ್ಯಾಡ" ಅಂದಿದ್ದೆ. ನನ್ನ ಪಾಲಿಗೆ ನಿನ್ನದು ಅಂತ ಇದ್ದದ್ದು ಅದೊಂದೇ. ಮರುದಿನ ಅದನ್ನೇ ಹಿಡಿದುಕೊಂಡು ಹೊಳೆ ದಂಡೆಗೆ ಹೋದೆ. ಅಂಚನ್ನು ಹಲ್ಲಿನಿಂದ ಕಚ್ಚಿ, ಒಂದೇ ಎಳೆತಕ್ಕೆ ಹರಿದೆ. ನೀನು ಉಟ್ಟು ಮೆತ್ತಗೆ ಮಾಡಿದ ಸೀರೆ, ಅದಕ್ಕಿಂತ ತುಂಬು ಬಾಳಿನ ಅರಿವೆ ಎಲ್ಲಿ ಸಿಗುತ್ತದೆ? ಹುಲಿಗೆಮ್ಮ ಆ ಕಡೆಯಿಂದ, ನಾನು ಈ ಕಡೆಯಿಂದ ಹೊಲಿದು ಕೂಸಿಗೊಂದು ಸಣ್ಣ ಕೌದಿ ಮಾಡಿದೆವು. ನನ್ನ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಹೋಗಿದೆ, ಒಪ್ಪುತ್ತೇನೆ. ಆದರೆ ಬಿಚ್ಚುವುದಿಲ್ಲ, ಎಳೆದು ನೋಡಿದ್ದೇನೆ. ಅದಕ್ಕೂ ಒಂದು ಮೂಲೆ ಸಡಿಲ ಬಿಟ್ಟು, ಜೋಳ ಬೆಲ್ಲ ಇಟ್ಟೆವು. ಪುಟ್ಟ ಮಲ್ಲಮ್ಮ ಅದರ ಮೇಲೆ ಕಣ್ಣು ಮುಚ್ಚುವವರೆಗೂ ಇಬ್ಬರೂ ಉಸಿರು ಬಿಗಿ ಹಿಡಿದು ಕೂತೆವು. ಮಲಗಿತು ಅತ್ತೆ. ಬಾಯಿ ತೆರೆದು, ಥೇಟ್ ನಿನ್ನ ಹಾಗೆ ಗೊರಕೆ ಹೊಡೆದು ಮಲಗಿತು!

ಇಬ್ಬರೂ ಕೂಡಿ ದೊಡ್ಡ ಕೌದಿಯನ್ನು ಹೊಳೆಯಲ್ಲಿ ಒಗೆದು, ಬಂಡೆಯ ಮೇಲೆ ಒಣಗಿಸಿದೆವು. ಆಗ ಕಂಡಿತು: ಹರಿದಿದ್ದ ಒಂದು ಜಾಗಕ್ಕೆ ಹುಲಿಗೆಮ್ಮ ತನ್ನ ಕೆಂಪು ಕುಪ್ಪಸದ ತುಂಡು ಹಚ್ಚಿ ಚೊಕ್ಕ ಹೊಲಿದಿದ್ದಳು. ನನಗೆ ನಗು ಬಂತು, ಹೊಟ್ಟೆಕಿಚ್ಚೂ ಬಂತು. ಮೂವತ್ತು ವರ್ಷ ಹಾಸಿದವಳದು ಒಂದು ಎಳೆ ಇಲ್ಲ, ಒಂದೂವರೆ ವರ್ಷ ಇಟ್ಟುಕೊಂಡವಳು ನಡುವೆಯೇ ಬಂದು ಕೂತಿದ್ದಾಳೆ!

ಗಂಗಾಗೆ ಫೋನು ಮಾಡಿದೆ. "ಕೌದಿ ಸಿಕ್ಕದ. ನೋಡೂದಿದ್ರ ಪಂಚಮಿಗಿ ಬಾ" ಅಂದು ಇಟ್ಟೆ, ಮುಂದಿನ ಮಾತಿಗೆ ಅವಕಾಶ ಕೊಡಲಿಲ್ಲ. ಹಬ್ಬದ ಹಿಂದಿನ ದಿನ ಇಬ್ಬರೂ ಒಂದೇ ಟಂಟಂನಲ್ಲಿ ಇಳಿದರು. ಗಂಗಾ ಕೌದಿಗೆ ಮುಖ ಒತ್ತಿದಳು. "ಮೀನಿನ ವಾಸನಿ ಬರಾಕತ್ಯಾದಲ್ಲ ವೈನಿ?" "ಹೊಳೀ ವಾಸನಿ ಅದು. ನಿಮ್ಮವ್ವ ಅರಿವಿ ಬಂಡ್ಯಾಗ ಹೇರ್ಕೊಂಡು ಹೋಗಿ ಅಲ್ಲೇ ಒಗಿತಿದ್ಲು, ಮರ್ತಿ ಏನು?" ಅಂದೆ. ಸುವರ್ಣ ಕೆಂಪು ತುಂಡಿನ ಮೇಲೆ ಬೆರಳಿಟ್ಟು, "ಇದ್ಯಾರದು? ಕತ್ತರಿ ತಾ, ಬಿಚ್ಚೋಣ" ಅಂದಳು. ನಾನು ಕತ್ತರಿ ಕೊಡಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಬೇಲಿ, ಗಿರಣಿ, ಎರಡು ಕೂಸು, ಮೂರನೆಯದರ ಹೆಸರು, ಹರಿದ ಹಸಿರು ಸೀರೆ. ನೀನು ಹೇಳಬೇಡ ಅಂದದ್ದನ್ನೂ ಹೇಳಿದೆ, ಸಿಟ್ಟಾಗು. ಸುವರ್ಣ ಬೆರಳು ತೆಗೆದಳು. ಆಮೇಲೆ ಅದೇ ಬೆರಳಿನಿಂದ ಆ ತುಂಡನ್ನು ಸವರಿದಳು.

ಗಂಗಾ ಮಾತ್ರ ಕೌದಿಯನ್ನು ಆಚೆ ಈಚೆ ತಿರುವಿ ಏನೋ ಹುಡುಕಿದಳು. "ವೈನಿ, ನಿಂದ್ಯಾವುದು ಇದರಾಗ?" ಅಂದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ನನ್ನ ಬಾಯಿಂದ ನಿನ್ನದೇ ಮಾತು ಬಂತು: "ನಂದೆಲ್ಲಿಂದ ಬರಬೇಕು? ನಾ ಹಾಸಾಕಿ." ಅವಳು ಎದ್ದಳು. ಗೂಡಿನಲ್ಲಿದ್ದ ಕತ್ತರಿ ತಂದು, ಉಂಡಿ ಕಟ್ಟಲು ಉಟ್ಟಿದ್ದ ನನ್ನ ಹಳೆಯ ಸೀರೆಯ ಸೆರಗನ್ನು, ಮೈಮೇಲಿದ್ದಾಗಲೇ, ಕಚಕ್ಕನೆ ಕತ್ತರಿಸಿಬಿಟ್ಟಳು! ನಾನು ಬೈಯಬೇಕು ಅಂತ ಬಾಯಿ ತೆರೆದೆ, ಬಂದದ್ದು ಅಳು. ಇಬ್ಬರೂ ಅಕ್ಕಪಕ್ಕ ಕೂತು ಅದನ್ನು ನಿನ್ನ ಮದುವೆ ಸೀರೆಯ ತುಂಡಿನ ಪಕ್ಕದಲ್ಲೇ ಹಚ್ಚಿದರು. ನೀನೂ ಈ ಮನೆಗೆ ಸೊಸೆಯಾಗಿಯೇ ಬಂದವಳಲ್ಲವೇ? ನೀನಿದ್ದರೆ ಬಿಡುತ್ತಿದ್ದೆಯಾ? ಬಿಡುತ್ತಿರಲಿಲ್ಲ. ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನನ್ನ ಕಾಲ!

ಪಂಚಮಿಯ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಬಂದೆವು. ಹುಲಿಗೆಮ್ಮನನ್ನೂ ಕರೆಸಿದ್ದೆ. ಬೇವಿನ ಮರದ ಜೋಕಾಲಿಯಲ್ಲಿ ಸುವರ್ಣ ಅವಳನ್ನು ಎಷ್ಟು ಎತ್ತರ ತೂಗಿದಳೆಂದರೆ ನಿನ್ನ ಮಗ ಹಗ್ಗ ಹಿಡಿದು ನಿಲ್ಲಬೇಕಾಯಿತು. ಸಣ್ಣ ಮಾವನೂ ಬಂದಿದ್ದ. ಕೌದಿಯ ಹತ್ತಿರ ಬರಬೇಡ ಅಂತ ಎಲ್ಲರೂ ಕೂಡಿ ಅವನನ್ನು ಕಟ್ಟೆಗೆ ಕೂಡಿಸಿದರು. ನಿನ್ನ ಹೆಸರಿನವಳು ಅರ್ಧ ಉಂಡಿ ತಿಂದು, ನಿನ್ನ ಕೌದಿಯ ನಟ್ಟನಡುವೆ ಒದ್ದೆ ಮಾಡಿದಳು. ಯಾರೂ ಮುಖ ಸಿಂಡರಿಸಲಿಲ್ಲ. ಗಂಗಾ ನಾಲ್ಕನೆಯ ಮೂಲೆ ಬಿಚ್ಚಿ ಹಳೆಯ ಜೋಳ ಉದುರಿಸಿ, ನನ್ನ ಕೈ ಹಿಡಿದು ಎಳೆದಳು. "ಅವ್ವನ ಜಾಗಾದಾಗ ಕುಂದ್ರು ವೈನಿ. ಉಡಿ ನೀ ತುಂಬು. ಮುಂದಿನ ಪಂಚಮಿಗಿ ನಾವು ನಿನ್ನ ಮಾರಿ ನೋಡಾಕ ಬರ್ತೀವಿ."

ತುಂಬಿದೆ. ಹೊಸ ಜೋಳ, ಒಂದು ಚೂರು ಬೆಲ್ಲ. ಮೂಲೆಯನ್ನು ಸಡಿಲವೇ ಹೊಲಿದಿದ್ದೇನೆ, ಬರುವ ವರ್ಷ ಬಿಚ್ಚುವವರಿದ್ದಾರೆ. ನಾನಿರುವವರೆಗೆ ಅದರ ಹೊಟ್ಟೆ ಖಾಲಿ ಇರಲು ಬಿಡುವುದಿಲ್ಲ, ನಿಶ್ಚಿಂತೆಯಿಂದ ಮಲಗು. ಇನ್ನೊಂದೇ ಸುದ್ದಿ ಇದೆ. ಇದನ್ನು ನಿನಗೆ ಯಾರೂ ಹೇಳಿರಲಾರರು, ನಾನೇ ಹೇಳಬೇಕು. ಈ ಸಲ ಕೌದಿ ಹಾಸಿದವಳು ಗಂಗಾ. ನಾನು ಕೂತಿದ್ದೆ ಅತ್ತೆ.

ನಿನ್ನ ತಮ್ಮನ ಮಗಳು, ನಿನ್ನ ಸೊಸೆ,
ಮಹಾದೇವಿ